ಹುಲ್ಲು ಕಿತ್ತ ಮಾಸ್ತರರು

ಇಳಕಲ್ಲಿನ ಆ ಬಡಾವಣೆಗೆ ನಳದ ನೀರು ಬರುವುದು ಆರು ದಿನಕ್ಕೊಮ್ಮೆ. ಸತ್ಯಬೋಧ ಮಾಸ್ತರರ ಮನೆಯ ಮುಂದಿನ ಹುಲ್ಲು ಮಾತ್ರ ಮುನಿಸಿಕೊಂಡ ಬೀಗರಂತೆ ದಿನಕ್ಕೆರಡು ಸಲ ಉಪಚಾರ ಕೇಳುತ್ತಿತ್ತು. ರವಿವಾರ ಬೆಳಿಗ್ಗೆ ಸ್ನಾನಕ್ಕೆ ಕೂತ ಮಾಸ್ತರರಿಗೆ ಎರಡೇ ತಂಬಿಗೆಗೆ ನೀರು ಮುಗಿಯಿತು. ಸಾಬೂನು ಮೆತ್ತಿದ ಮೈಯಲ್ಲೇ ಎದ್ದು ಬಂದು, ಗುದ್ದಲಿ ಹಿಡಿದು ಹುಲ್ಲನ್ನೆಲ್ಲ ಕಿತ್ತರು. ಗುಡೂರಿನಿಂದ ಗೆಳೆಯನ ಕೈಲಿ, ಹೆಚ್ಚು ನೀರು ಬೇಡದ ತಂಗಡಿ, ಲೋಳಸರದ ಸಸಿ ತರಿಸಿ, ಹತ್ತು ಗಂಟೆಗೆಲ್ಲ ನೆಟ್ಟೂ ಬಿಟ್ಟರು.

ಬಡಾವಣೆ ಸಂಘದ ಅಧ್ಯಕ್ಷ ಕೃಷ್ಣಾಜಿ ಗೇಟಿನಲ್ಲೇ ತಡೆದು ನಿಂತರು. "ಏನ್ರಿ ಮಾಸ್ತರ, ಮನಿ ಮುಂದ ಅಡವಿ ಮಾಡೀರಿ? ಎಲ್ಲಾರ ಮನಿ ಮುಂದ ಹುಲ್ಲ ಇರಬೇಕು. ಸಂಘದ ನಿಯಮ ಅದ!"

"ಎಲ್ಲೆ ಬರದದ, ತೋರಸ್ರಿ."

"ಹಾವು ಬರ್ತಾವ್ರಿ!" ಎಂದ ಎದುರು ಮನೆಯ ಬಸಯ್ಯ.

"ಬರ್ಲಿ ಬಿಡ್ರಿ, ಅವಾದ್ರೂ ನೀರು ಕೇಳಂಗಿಲ್ಲ," ಎಂದಳು ಪಕ್ಕದ ಮನೆಯ ನರ್ಗೀಸ.

ಮಧ್ಯಾಹ್ನ ಅಧ್ಯಕ್ಷರ ಮನೆಯಲ್ಲಿ ಸಭೆ ಸೇರಿತು. ನಿಯಮದ ಪುಸ್ತಕದ ಧೂಳಿಗೆ ಮೂರು ಸಲ ಸೀನಿ, ಬಸಯ್ಯ ಓದಿದ: "ಕಾಂಪೌಂಡಿನೊಳಗೆ ಏನು ಬೆಳೆಯಬೇಕೆಂಬುದು ಮನೆಯ ಮಾಲೀಕರ ಹಕ್ಕು. ಮಾಲೀಕರು ಸಹಿ ಮಾಡಿ ಸಂಘಕ್ಕೆ ತಿಳಿಸಿದರೆ ಸಾಕು." ಹುಲ್ಲಿನ ಸುದ್ದಿಯೇ ಅದರಲ್ಲಿರಲಿಲ್ಲ.

ಮಾಸ್ತರರು ಪರೀಕ್ಷೆಯಲ್ಲಿ ರ‍್ಯಾಂಕು ಬಂದವರಂತೆ ಎದ್ದು ನಿಂತರು. "ಕೇಳಿದ್ರೆಲ್ಲ? ಮಾಲಕರ ಹಕ್ಕು ಅಂದ್ರ ಹಕ್ಕು! ಅದರಾಗ ಮತ್ತ್ಯಾರೂ ಬಾಯಿ ಹಾಕೂಹಂಗಿಲ್ಲ!"

ಕೃಷ್ಣಾಜಿ ಬಾಡಿದ ಮುಖದಲ್ಲೇ ರಿಜಿಸ್ಟರು ತೆರೆದರು. ಒಂದು ಪುಟದ ಮೇಲೆ ಬೆರಳಿಟ್ಟವರ ಮುಖ ಅರಳಿತು. "ಮಾಲಕರು ನೀವಲ್ರಿ ಮಾಸ್ತರ. ನಿಮ್ಮ ಮನಿಯವರು!"

ಮಾವನವರ ಮಾತಿಗೆ ಹೂಂಗುಟ್ಟಿ ಮನೆಯನ್ನು ಹೆಂಡತಿಯ ಹೆಸರಿಗೆ ಬರೆಸಿದ್ದನ್ನು ಮಾಸ್ತರರು ಮರೆತೇಬಿಟ್ಟಿದ್ದರು. ಹೆಂಗಸರ ನಡುವೆ ಕೂತಿದ್ದ ಅಮಿತಾ ಎದ್ದಳು.

"ಹುಲ್ಲ ಖರೇನ ಬ್ಯಾಡ್ರಿ," ಎಂದಳು. ಮಾಸ್ತರರಿಗೆ ಜೀವ ಬಂತು. "ಆದ್ರ ಇವರು ತಂಗಡಿ ಗಿಡಾನ ಪ್ರಾರ್ಥನಾಕ್ಕ ನಿಂತ ಹುಡುಗೂರ ಹಂಗ ಸಾಲ ಹಚ್ಚಿ ನೆಟ್ಟಾರ. ಅವನ್ನೆಲ್ಲಾ ಹಿತ್ತಲಕ್ಕ ಒಯ್ದು ಹಚ್ಲಿ. ಮುಂದ ನುಗ್ಗಿ, ಕರಿಬೇವು, ಚವಳಿಕಾಯಿ ಇರ್ಲಿ. ನೀರೂ ಕಡಿಮಿ, ಪಲ್ಯಾನೂ ಆಗ್ತದ. " ಗಂಡನತ್ತ ತಿರುಗಿದಳು. "ಸಂಜಿ ಒಳಗ ಅಗದ ಬಿಡ್ರಿ, ನೀವು."

"ಬಾಯಾರ, ನನಗೂ ಚವಳಿ ಬೀಜ ಕೊಡ್ರಿ," ಎಂದಳು ನರ್ಗೀಸ. "ನಾಳೆನ ನಮ್ಮ ಹುಲ್ಲೂ ತಗಸ್ತೇನಿ." ನಾಲ್ಕಾರು ಕೈ ಮೇಲೆದ್ದವು.

ಕೃಷ್ಣಾಜಿ ಮಾಸ್ತರರ ಪಾಡು ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದರು. ಅಡುಗೆಮನೆಯಿಂದ ಚಹಾ ತಂದ ಅವರ ಹೆಂಡತಿ ಪ್ರೇಮಾಬಾಯಿ ತಟ್ಟೆ ಕೆಳಗಿಟ್ಟು ಹೇಳಿದರು:

"ನಗೂದು ಸಾಕು. ನಮ್ಮ ಮನಿ ಯಾರ ಹೆಸರಲೆ ಅದ, ಅದನ್ನೂ ಒಂದೀಟು ಓದ್ರಿ."