ಹ್ಯಾಂಡಲ್ ಇಲ್ಲದ ಟ್ರ್ಯಾಕ್ಟರ್

ಎರಡು ಸಾಲು ಬರೆಯುವಷ್ಟರಲ್ಲಿ ಪುನಃ ಕರೆ ಬಂತು. ಮಗು ಮಲಗಿದ ಹೊತ್ತು ಮಾತ್ರ ನನ್ನದು. ನಮ್ಮವರಿಗೂ ಸ್ಪ್ಯಾನರ್ ಹಿಡಿದುಕೊಳ್ಳಲು ಅದೇ ಹೊತ್ತಿಗೆ ಒಬ್ಬರು ಬೇಕು. ಹಿಡಿದು ಕೊಟ್ಟು ಬಂದಿದ್ದೇನೆ. ಈ ಟ್ರ್ಯಾಕ್ಟರ್ ಬಂದ ಮೇಲೆ ನಮ್ಮಲ್ಲಿ ನಗುವುದಕ್ಕೆ ನಾಟಕಕ್ಕೆ ಹೋಗಬೇಕೆಂದಿಲ್ಲ.

ಕೋಣ ಹೋಗಿ ಬಂದದ್ದು

ನಮ್ಮವರು ಉಳುವ ಕೋಣಗಳನ್ನು ಮಾರಿ ಮೂಡಬಿದ್ರೆಯಿಂದ ಹಳೆಯ ಟ್ರ್ಯಾಕ್ಟರ್ ತಂದರು. ತಂದರು ಅಂದರೆ, ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಅಂಗಳಕ್ಕೆ ಬಂದ ಮೇಲೆ ಗೊತ್ತಾಯಿತು, ಎದುರು ನಿಂತು ತಿರುಗಿಸಿ ಸ್ಟಾರ್ಟ್ ಮಾಡುವ ಹ್ಯಾಂಡಲೇ ಇಲ್ಲ. ಮಾರಿದವರನ್ನು ಕೇಳಿದರೆ, ಅದು ನಮಗೆ ಬೇಕಾಗಲೇ ಇಲ್ಲ, ನಾವು ಅದನ್ನು ಸ್ಟಾರ್ಟ್ ಮಾಡಿದ್ದೇ ಇಲ್ಲ ಅಂದರಂತೆ.

ಸುಗ್ಗಿ ಬೆಳೆಗೆ ಗದ್ದೆ ಉಳುವ ಸಮಯ ಅದು. ಅತ್ತೆ ಜಾಸ್ತಿ ಮಾತಾಡಲಿಲ್ಲ. ಈ ವಾರದೊಳಗೆ ಗದ್ದೆ ಉತ್ತು ಆಗದಿದ್ದರೆ ಟ್ರ್ಯಾಕ್ಟರ್ ಗುಜರಿಗೆ, ಕೋಣಗಳು ಪುನಃ ಹಟ್ಟಿಗೆ ಎಂದರು. ಇವರು ಗಂಜಿ ಉಂಡರು. ನಾನು ಉಪ್ಪಿನಕಾಯಿ ಬಡಿಸಿದೆ. ನನ್ನಿಂದ ಆಗುವ ಸಹಾಯ ಅಷ್ಟೇ.

ಬಸ್ಸಿನ ಹ್ಯಾಂಡಲ್

ಮರುದಿನ ಇವರು ಮೆಲ್ಕಾರಿಗೆ ಹೋಗಿ, ಅಲ್ಲಿ ನಿಂತಿದ್ದ ಬಸ್ಸಿನ ಹ್ಯಾಂಡಲನ್ನು ಡ್ರೈವರನಿಂದ ಕೇಳಿ ತಂದರು. ಸರಿಹೊಂದುತ್ತದಾ ನೋಡಿ ಈಗಲೇ ತರ್ತೇನೆ ಅಂದಿದ್ದರಂತೆ. ಸರಿಹೊಂದಲಿಲ್ಲ. ಇವರು ಮಾತ್ರ ಅದನ್ನು ಹೊಂದಿಸುವುದರಲ್ಲೇ ಮಧ್ಯಾಹ್ನ ಮಾಡಿದರು.

ಅಷ್ಟರಲ್ಲಿ ಅತ್ತೆ ಪೇಟೆಯಿಂದ ಬೆವರಿಳಿಸಿಕೊಂಡು ಬಂದರು. ಬಸ್ಸು ಸ್ಟಾರ್ಟ್ ಆಗದೆ ಎಲ್ಲರೂ ಇಳಿದು ದೂಡಿದರಂತೆ, ಅತ್ತೆಯೂ ದೂಡಿದರಂತೆ. ಯಾರೋ ಒಬ್ಬ ಹುಚ್ಚ ಬಸ್ಸಿನ ಹ್ಯಾಂಡಲ್ ಕೊಂಡುಹೋಗಿದ್ದಾನೆ, ಅವನನ್ನು ಹೆತ್ತವಳಿಗೆ ಬುದ್ಧಿ ಇರಲಿಲ್ಲವಾ ಎಂದು ದಾರಿಯುದ್ದಕ್ಕೂ ಬೈದೆ ಎಂದರು. ಇವರು ಹ್ಯಾಂಡಲನ್ನು ಬೆನ್ನ ಹಿಂದೆ ಹಿಡಿದು ಹಟ್ಟಿಯ ಕಡೆ ಜಾರಿದರು. ನಾನು ಅತ್ತೆಗೆ ಬೆಲ್ಲ ನೀರು ಕೊಟ್ಟು, ಕೊನೆಯ ಮಾತು ಸರಿಯಾಗಿ ಕೇಳಲಿಲ್ಲ, ಇನ್ನೊಮ್ಮೆ ಹೇಳಿ ಎಂದೆ.

ಪ್ರದಕ್ಷಿಣೆ

ಕೊನೆಗೆ ಕಬ್ಬಿಣ ಕೆಲಸದ ಆಚಾರಿಯಿಂದಲೇ ಮಾಡಿಸುವ ಎಂದಾಯಿತು. ಆಚಾರಿ ಬಂದು ಅಳತೆ ತೆಗೆದು, ಯಾವ ಕಡೆಗೆ ತಿರುಗಬೇಕು ಎಂದು ಕೇಳಿದ. ದೇವಸ್ಥಾನಕ್ಕೆ ಪ್ರದಕ್ಷಿಣೆ ಬರುವ ಹಾಗೆ ಅಂದರು ಇವರು. ಆಚಾರಿ ಭಕ್ತಿಯಿಂದ ತಲೆ ಆಡಿಸಿ ಹೋದ.

ಹ್ಯಾಂಡಲ್ ಬಂತು, ಒಳ್ಳೆಯ ಗಟ್ಟಿ ಕೆಲಸ. ಆದರೆ ತಿರುಗಿಸಿದರೆ ತುದಿಯ ಹಲ್ಲು ಎಂಜಿನನ್ನು ಕಚ್ಚದೆ ಜಾರುತ್ತದೆ. ಹಲ್ಲು ಕಡಿದದ್ದು ಉಲ್ಟಾ. ಕರೆದು ಕೇಳಿದರೆ ಆಚಾರಿಗೆ ಬೇಸರವಾಯಿತು.

“ಅಣ್ಣಾ, ನೀವು ಎದುರು ನಿಂತವರ ಲೆಕ್ಕ ಅಂತ ಹೇಳಲಿಲ್ಲ. ನಾನು ಮೇಲೆ ಕೂತವರ ಲೆಕ್ಕದಲ್ಲಿ ಮಾಡಿದೆ. ದೇವರು ಕೂತಿರುವುದು ಅಲ್ಲಿಯೇ ಅಲ್ಲವಾ?”

ನಮ್ಮ ದೇವರು ಇನ್ನೂ ಮೇಲೆ ಕೂತದ್ದಿಲ್ಲ, ಕೆಳಗೆ ಮಲಗಿ ನಟ್ಟು ಬಿಗಿಯುವುದೇ ನೋಡಿದ್ದು ಎಂದೆ. ಆಚಾರಿ ನಗುತ್ತಾ ಹ್ಯಾಂಡಲನ್ನು ಪುನಃ ಕುಲುಮೆಗೆ ಕೊಂಡುಹೋದ.

ಉಳುಮೆ

ವಾರದ ಕೊನೆಯ ದಿನ ಹೊಸ ಹಲ್ಲಿನ ಹ್ಯಾಂಡಲ್ ಬಂತು. ಟ್ರ್ಯಾಕ್ಟರನ್ನು ಹತ್ತು ಜನ ಸೇರಿ ಗದ್ದೆಗೆ ದೂಡಿ, ಹಿಂದೆ ನೇಗಿಲು ಇಳಿಸಿದರು. ಗದ್ದೆಯಂಚಿನ ಹುಣಿಯ ಮೇಲೆ ಅತ್ತೆ, ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡು ನಾನು. ಇವರು ಮುಂಡು ಎತ್ತಿ ಕಟ್ಟಿ, ಎದುರು ನಿಂತು ಒಮ್ಮೆ ಬೀಸಿ ತಿರುಗಿಸಿದರು. ಗುಡುಗಿದ ಹಾಗೆ ಶಬ್ದ, ಕಪ್ಪು ಹೊಗೆ, ಮಗುವಿನ ಅಳು. ಗೇರಿನಿಂದ ತೆಗೆಯಲು ಮರೆತಿದ್ದರು. ಟ್ರ್ಯಾಕ್ಟರ್ ಹೊರಟೇಬಿಟ್ಟಿತು.

ಕೆಸರಿನಲ್ಲಿ ಪಕ್ಕಕ್ಕೆ ಹಾರಲಾಗದೆ ಇವರು ಹ್ಯಾಂಡಲ್ ಹಿಡಿದುಕೊಂಡು ನೇರ ಓಡಿದರು. ಇವರ ಹಿಂದೆ ಟ್ರ್ಯಾಕ್ಟರ್, ಅದರ ಹಿಂದೆ ನೇಗಿಲು. ಆಚೆ ಹುಣಿಯನ್ನು ಇವರು ಹಾರಿದರು, ಟ್ರ್ಯಾಕ್ಟರ್ ಮೂತಿ ಗುದ್ದಿ ಆಫ್ ಆಯಿತು. ಗದ್ದೆಯಲ್ಲಿ ಈ ತುದಿಯಿಂದ ಆ ತುದಿಗೆ ಒಂದು ಸಾಲು ಚಂದದಲ್ಲಿ ಉತ್ತಾಗಿತ್ತು.

ಆಮೇಲೆ ಗೇರು ತೆಗೆದು, ಸಂಜೆಯೊಳಗೆ ಇಡೀ ಗದ್ದೆ ಉತ್ತರು. ಟ್ರ್ಯಾಕ್ಟರ್ ಗುಜರಿಗೆ ಹೋಗುವುದು ತಪ್ಪಿತು. ಆದರೆ ಆ ಮೊದಲ ಸಾಲು ನೋಡಿ, ಒಂದಿಷ್ಟೂ ನಗದೆ ಅತ್ತೆ, ಹತ್ತನೇ ಕ್ಲಾಸಿನವರೆಗೆ ಓದಿದವಳೆಂದು ನನ್ನ ಹತ್ತಿರ ಕೇಳಿದರು.

“ಮಗಳೇ, ಕೋಣ ಇದ್ದಾಗ ಅವನು ಹಿಂದೆ ಇರುತ್ತಿದ್ದ, ಅವು ಮುಂದೆ. ಈಗ ಉಳುವುದು ಯಾರು, ಕೋಣ ಯಾರು?”