ನರಹುಲಿಗೆ ಅಂಚೆ ಚೀಲದ ಗಂಟು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಕೊನೆಯ ಏಳು ವರ್ಷ ಮುಖ್ಯೋಪಾಧ್ಯಾಯಿನಿ. ಯೋಚಿಸಿ ಇಟ್ಟ ಹೆಜ್ಜೆ ತಪ್ಪಿದ್ದೇ ಇಲ್ಲ ಎಂಬ ಧೈರ್ಯದಲ್ಲೇ ಈ ಕೆಲಸಕ್ಕೂ ಇಳಿದೆ.

ನನ್ನ ಎಡಗೆನ್ನೆಯಲ್ಲಿ, ಮೂಗಿನ ಪಕ್ಕ, ಮೆಣಸಿನ ಕಾಳಿನಷ್ಟು ದಪ್ಪದ ಒಂದು ನರಹುಲಿ ಇತ್ತು. ಸಣ್ಣ ತೊಟ್ಟಿನಲ್ಲಿ ಜೋತುಕೊಂಡು, ಯಾರ ತಂಟೆಗೂ ಹೋಗದೆ ಇಪ್ಪತ್ತು ವರ್ಷ ನನ್ನ ಜೊತೆ ಬಾಳಿತ್ತು. ಆದರೆ ನಮ್ಮ ಶಾಲೆಯಲ್ಲಿ ನಿವೃತ್ತರಾದ ಮುಖ್ಯೋಪಾಧ್ಯಾಯಿನಿಯರ ಫೋಟೋಗೆ ಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕುವ ಪದ್ಧತಿ. ಒಮ್ಮೆ ಏರಿಸಿದರೆ ಶಾಲೆ ಇರುವ ತನಕ ಇಳಿಸುವುದಿಲ್ಲ. ನನಗಿಂತ ಮುಂಚಿನ ಐವರೂ ನುಣುಪು ಕೆನ್ನೆಯವರು. ಆರನೆಯವಳಾಗಿ ನಾನು ಮೆಣಸಿನ ಕಾಳು ಹೊತ್ತು ಶಾಶ್ವತವಾಗಿ ನೇತಾಡಬೇಕೆ? ನಿವೃತ್ತಿಗೆ ಇನ್ನು ಹದಿನೈದೇ ದಿನ. ಅಷ್ಟರೊಳಗೆ ಅದು ಹೋಗಲೇಬೇಕೆಂದು ತೀರ್ಮಾನಿಸಿದೆ.

ಜಯಲಕ್ಷ್ಮಿಪುರಂನ ನಮ್ಮ ಮನೆಗೆ ಹತ್ತಿರವೇ ಒಂದು ಚರ್ಮದ ಕ್ಲಿನಿಕ್ಕಿದೆ. ಅಲ್ಲಿನ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿದರು. "ಅಪಾಯ ಏನಿಲ್ಲ ಮೇಡಂ, ಹಾಗೇ ಬಿಡಬಹುದು. ಬೇಡ ಅಂದ್ರೆ ಹೆಪ್ಪುಗಟ್ಟಿಸಿ ಉದುರಿಸಬಹುದು, ಕರೆಂಟಲ್ಲಿ ಸುಡಬಹುದು, ಮರಗಟ್ಟೋ ಇಂಜೆಕ್ಷನ್ ಕೊಟ್ಟು ಕತ್ತರಿಸಬಹುದು. ಐದು ನಿಮಿಷದ ಕೆಲಸ" ಎಂದರು.

ಸುಡುವುದು, ಕತ್ತರಿಸುವುದು, ಮೇಲೊಂದು ಇಂಜೆಕ್ಷನ್! ನನಗೆ ಸೂಜಿ ಕಂಡರೆ ಕೈಕಾಲು ತಣ್ಣಗಾಗುತ್ತದೆ. ಆದರೆ ಅದನ್ನು ಬಾಯಿಬಿಟ್ಟು ಹೇಳಲಾದೀತೆ? "ಇಷ್ಟು ಸಣ್ಣದಕ್ಕೆ ಇಷ್ಟೆಲ್ಲ ಯಾಕೆ? ನಮ್ಮಜ್ಜಿ ಇಂಥವನ್ನ ಕುದುರೆ ಬಾಲದ ಕೂದಲಲ್ಲಿ ಕಟ್ಟಿ ಉದುರಿಸ್ತಿದ್ರು" ಎಂದು ಗಂಭೀರವಾಗಿ ಎದ್ದೆ.

"ಅದೊಂದು ಮಾತ್ರ ಮಾಡಬೇಡಿ ಮೇಡಂ."

ಬೇಡ ಎಂದರೆ ನನಗೆ ಅದೇ ಬೇಕು. ಕೊಟ್ಟಿರುವ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ಎಂದು ಮಕ್ಕಳಿಗೆ ಜೀವಮಾನವಿಡೀ ಹೇಳಿದವಳು, ಐದನೆಯ ಉತ್ತರ ಹಿಡಿದುಕೊಂಡು ಅರಮನೆ ಹತ್ತಿರದ ಟಾಂಗಾ ಸ್ಟ್ಯಾಂಡಿಗೆ ಹೋದೆ.

"ಒಂದು ಕೂದಲು ಬೇಕಿತ್ತು" ಎಂದೆ, ಗಾಡಿಯ ಸಾಬರಿಗೆ.

"ನಂದಾ ಅಮ್ಮ?"

"ಕುದುರೇದು." ಕೆನ್ನೆ ತೋರಿಸಿದೆ.

ಅವರಿಗೆ ಥಟ್ಟನೆ ಅರ್ಥವಾಯಿತು. "ನಂಗೂ ಕತ್ತಲ್ಲಿ ಒಂದಿತ್ತು ಕಣಮ್ಮ."

"ನೋಡಿ, ಕೂದಲು ಕಟ್ಟಿದ ಮೇಲೆ ಹೋಯ್ತಲ್ಲ?"

"ಇಲ್ಲಮ್ಮ, ಆಸ್ಪತ್ರೇಲಿ ತೆಗೆಸ್ಬುಟ್ಟೆ. ಐದು ನಿಮಿಷ."

ಆದರೂ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಉದ್ದನೆಯದೊಂದು ಕೂದಲು ಕಿತ್ತುಕೊಟ್ಟರು. ಕುದುರೆ ತಿರುಗಿ ನನ್ನನ್ನು ನೋಡಿತು. ಆ ನೋಟದಲ್ಲಿ ಮರ್ಯಾದೆ ಇರಲಿಲ್ಲ.

ಇನ್ನು ಕಟ್ಟುವವರು ಬೇಕಲ್ಲ. ನಮ್ಮ ಯಜಮಾನರು ಅಂಚೆ ಇಲಾಖೆಯಲ್ಲಿ ಚೀಲಗಳ ಬಾಯಿ ಕಟ್ಟಿ ನಿವೃತ್ತರಾದವರು. ಅವರು ಹಾಕಿದ ಗಂಟು ದೆಹಲಿ ಮುಟ್ಟಿದರೂ ಸಡಿಲವಾಗುತ್ತಿರಲಿಲ್ಲವಂತೆ.

"ಡಾಕ್ಟ್ರು ಬೇಡ ಅಂದಿದಾರೆ ಕಣೇ" ಎಂದು ಗೊಣಗಿದರು.

"ನೀವು ಕಟ್ತೀರೋ, ಕನ್ನಡಿ ಮುಂದೆ ನಾನೇ ಕಟ್ಕೊಳ್ಳಲೋ?"

ಕನ್ನಡಕ ಏರಿಸಿ, ನಾಲಿಗೆ ಕಚ್ಚಿ, ಸರ್ಕಾರಿ ಶಿಸ್ತಿನಿಂದ ಬಿಗಿದರು. ದಿನಾ ಇಷ್ಟಿಷ್ಟೇ ಬಿಗಿ ಮಾಡಬೇಕಲ್ಲ ಎಂದು ಕೂದಲಿನ ತುದಿಯನ್ನು ನಾನೇ ಕತ್ತರಿಸಗೊಡಲಿಲ್ಲ. ಮಾರನೆಯ ದಿನ ಶಾಲೆಯ ಪ್ರಾರ್ಥನೆ ಹೊತ್ತಿಗೆ ಪಕ್ಕದಲ್ಲಿ ನಿಂತಿದ್ದ ವನಜಾಕ್ಷಿ ಟೀಚರ್, "ಮೇಡಂ, ಕೆನ್ನೆ ಮೇಲೆ ಕೂದಲು" ಎಂದು ಪ್ರೀತಿಯಿಂದ ಹಿಡಿದು ಎಳೆದರು. ನಾನು ಕೂಗಿದ ಕೂಗಿಗೆ ಪ್ರಾರ್ಥನೆ ನಿಂತಿತು. ಆರುನೂರು ಮಕ್ಕಳು ಕಣ್ಣು ಬಿಟ್ಟರು.

ಮೂರನೆಯ ದಿನಕ್ಕೆ ಮೆಣಸಿನ ಕಾಳು ನೇರಳೆ ಹಣ್ಣಾಗಿತ್ತು. ಕೆನ್ನೆ ಊದಿ ಎಡಗಣ್ಣು ಅರ್ಧ ಮುಚ್ಚಿತ್ತು. ನೋವಿಗೆ ನಿಜವಾಗಿಯೂ ಅಳು ಬಂತು. "ಬಿಚ್ರೀ ಇದನ್ನ" ಎಂದೆ.

ಅವರು ಅರ್ಧ ಗಂಟೆ ಹೆಣಗಾಡಿ ಕೈಚೆಲ್ಲಿದರು. "ಆಗಲ್ಲ ಕಣೇ. ನಮ್ಮ ಇಲಾಖೇಲಿ ಕಟ್ಟೋದಷ್ಟೇ ನಮ್ಮ ಕೆಲಸ. ಬಿಚ್ಚೋರು ಬೇರೆ ಊರಲ್ಲಿರ್ತಾರೆ."

ಮತ್ತೆ ಅದೇ ಕ್ಲಿನಿಕ್, ಅದೇ ಡಾಕ್ಟರಮ್ಮ. ಅವರು ಮತ್ತೆ ಭೂತಗನ್ನಡಿ ಹಿಡಿದರು. ನಾನು ಸೋತವಳಂತೆ ಕೂರಲಿಲ್ಲ. "ನಿಮ್ಮ ಕೆಲಸ ಅರ್ಧ ನಾವೇ ಮುಗಿಸಿದ್ದೀವಿ" ಎಂದೆ. ಊತದ ದೆಸೆಯಿಂದ ಒಂದರ ಜಾಗದಲ್ಲಿ ಎರಡು ಇಂಜೆಕ್ಷನ್ ಬಿತ್ತು. ನರಹುಲಿ ಹೋಯಿತು. ಕೀವಿಗೆ ಒಂದು ವಾರದ ಮಾತ್ರೆ. ಗಾಯ ಮಾಯುವುದು ನಿಧಾನ ಎಂದು ಕೆನ್ನೆ ತುಂಬ ಬಿಳಿ ಪಟ್ಟಿ.

ಬೀಳ್ಕೊಡುಗೆಯ ದಿನವೂ ಪಟ್ಟಿ ಇತ್ತು. ನಾನೇನು ಬಗ್ಗುವವಳಲ್ಲ. ಮೈಕಿನಲ್ಲೇ ಘೋಷಿಸಿದೆ: "ಗೋಡೆಗೆ ಫೋಟೋ ಇವತ್ತು ಬೇಡ. ಗಾಯ ಮಾಯ್ದ ಮೇಲೆ ಹೊಸದಾಗಿ ತೆಗೆಸಿ ಕಳಿಸ್ತೀನಿ."

"ಅದರ ಅಗತ್ಯ ಇಲ್ಲ ಮೇಡಂ" ಎಂದು ಡ್ರಾಯಿಂಗ್ ಮೇಷ್ಟ್ರು ಎದ್ದರು. "ಈ ಸಲ ಫೋಟೋ ಅಲ್ಲ. ನಿಮಗೇ ಗೊತ್ತಾಗದ ಹಾಗೆ ತಿಂಗಳಿಂದ ಕೂತು ಬರೆದಿದ್ದೀನಿ."

ಪರದೆ ಸರಿಯಿತು. ಸೀರೆಯ ಅಂಚು, ಕನ್ನಡಕ, ಗಂಟು ಮುಖ, ಎಲ್ಲ ಸಾಕ್ಷಾತ್ ನಾನೇ. ಎಡಗೆನ್ನೆಯಲ್ಲಿ ಮೆಣಸಿನ ಕಾಳು. ಅದರ ಮೇಲೊಂದು ಹೊಳಪು ಬೇರೆ.

"ಮುಖ ಎಲ್ಲ ಬೇಗ ಬಂತು. ಅದೊಂದನ್ನ ನಾಲ್ಕು ಸಲ ಅಳಿಸಿ ಬರೆದೆ. ಅದಿಲ್ದೆ ಮೇಡಂ, ಮೇಡಂ ಥರಾನೇ ಕಾಣ್ತಿರ್ಲಿಲ್ಲ" ಎಂದು ಅವರು ಕಣ್ಣೊರೆಸಿಕೊಂಡರು. ಮಕ್ಕಳು ಚಪ್ಪಾಳೆ ನಿಲ್ಲಿಸಲೇ ಇಲ್ಲ.

ಪಕ್ಕದ ಕುರ್ಚಿಯಿಂದ ಯಜಮಾನರು ಮೆಲ್ಲಗೆ ಕೇಳಿದರು: "ಅದನ್ನ ಅಳಿಸೋಕೆ ಹೇಳ್ಲಾ?"

"ಸುಮ್ನಿರಿ. ಅದು ನಂದು" ಎಂದೆ.

ಸಭೆ ಒಮ್ಮೆ ಚಿತ್ರವನ್ನೂ ಒಮ್ಮೆ ಪಟ್ಟಿ ಹಾಕಿದ ನನ್ನನ್ನೂ ನೋಡುತ್ತಿತ್ತು. ಒಪ್ಪಿಕೊಳ್ಳಲೇಬೇಕು, ನನಗಿಂತ ಆ ಚಿತ್ರವೇ ಹೆಚ್ಚು ನನ್ನ ಹಾಗಿತ್ತು.