ದಂತವೈದ್ಯ ಮುರಿಗೇಂದ್ರಪ್ಪನ ಲೋಹಗಜಾಪಕರ್ಷಣ ಪ್ರಸಂಗ

ಸ್ವಸ್ತಿ. ಭೂಗರ್ಭದ ಗಾಢಾಂಧಕಾರದಲ್ಲಿ ಕೋಟಿ ಸಂವತ್ಸರ ತಪಸ್ಸು ಮಾಡಿ, ಪೆಟ್ರೋಲೆಂಬ ಹೆಸರಿನಿಂದ ಮೇಲೆದ್ದು ಬಂದ ತೈಲಾಧಿದೇವತೆಯೇ, ಹೊಗೆಯ ಮುಡಿಯವಳೇ, ರಬ್ಬರಿನ ಪಾದದವಳೇ, ಬಂಕಿನ ಬಾಗಿಲಲ್ಲಿ ಸರತಿಯ ಸಾಲಿನಿಂದ ಸೇವೆಗೊಳ್ಳುವವಳೇ, ಈ ಬಡ ಕಥನಕಾರನ ನಾಲಗೆಯ ಮೇಲೆ ಒಂದು ಗಳಿಗೆ ನಿಲ್ಲು. ಮನುಷ್ಯರು ಐವತ್ತು ದಾಟಿದೊಡನೆ ತೀರ್ಥಯಾತ್ರೆಯ ಯೋಚನೆ ಬಿಟ್ಟು ಚರ್ಮದ ಅಂಗಿ ತೊಡುವ ಈ ಯುಗದಲ್ಲಿ, ಹೆಬ್ಬಂಡೆಗಳೇ ಕಾವಲು ನಿಂತ, ಏಳು ಸುತ್ತಿನ ಕೋಟೆಯನ್ನು ಕಿರೀಟದಂತೆ ಧರಿಸಿದ ಚಿತ್ರದುರ್ಗ ಪಟ್ಟಣದಲ್ಲಿ, ದಂತಪಂಕ್ತಿಪರಿಪಾಲಕನೂ ದವಡೆದುರ್ಗವಿದಾರಕನೂ ಹುಳುಕುಹಲ್ಲುಗಳ ಪಾಲಿಗೆ ಪ್ರಳಯಾಂತಕನೂ ಆದ ಡಾಕ್ಟರ್ ಮುರಿಗೇಂದ್ರಪ್ಪನೆಂಬ ವೀರನು ಒಂದು ಭಾನುವಾರದ ಬೆಳಗ್ಗೆ ಎಸಗಿದ ಮಹಾಕಾರ್ಯವನ್ನು ಹೇಳಹೊರಟಿದ್ದೇನೆ. ಕೇಳುವವರ ಹಲ್ಲು ಗಟ್ಟಿಯಾಗಿರಲಿ.

ವೀರನ ಪ್ರಾಯ ಐವತ್ತನಾಲ್ಕು. ಇಪ್ಪತ್ತೆಂಟು ವರ್ಷ ಪರರ ಬಾಯಿಗಳೊಳಗೆ ಬಗ್ಗಿ ನೋಡಿ ಅವನ ಬೆನ್ನು ಬಿಲ್ಲಾಗಿತ್ತು. ಮೆಟ್ಟಿಲಿಳಿಯುವಾಗ ಬಲಮಂಡಿ ಕಟಕಟನೆ ಮಾತಾಡುತ್ತಿತ್ತು. ಇಷ್ಟನ್ನು ಅವನು ಸಹಿಸಿಕೊಂಡಿದ್ದನು. ಆದರೆ ಕಳೆದ ವರ್ಷ ಒಂದು ಸಂಜೆ, ಅವನಿಗಿಂತ ಹೆಚ್ಚೆಂದರೆ ಹದಿನೈದು ವರ್ಷ ಚಿಕ್ಕವಳಾದ ರೋಗಿಯೊಬ್ಬಳು ಕುರ್ಚಿಯಿಂದ ಇಳಿದು, ಬಾಯಲ್ಲಿ ಹತ್ತಿಯುಂಡೆ ಇಟ್ಟುಕೊಂಡೇ "ಬತ್ತೀನಿ ತಾತ" ಎಂದು ಹೇಳಿ ಹೋದಳು. ಬಾಣವು ನೆಡಬಾರದ ಕಡೆ ನೆಟ್ಟಿತು. ಆ ರಾತ್ರಿ ವೀರನು ಉಣ್ಣಲಿಲ್ಲ. ಆ ವಾರ ಮುಗಿಯುವುದರೊಳಗೆ ಅವನ ಮನೆಯ ಮುಂದೆ, ಮುನ್ನೂರ ಹತ್ತು ಕಿಲೋ ತೂಕದ, ಮುಂಗಾಲು ಚಾಚಿ ಕೂತ ಸಿಂಹದಂತೆ ಮುಂದಿನ ಚಕ್ರವನ್ನು ದೂರಕ್ಕೆ ಚಾಚಿದ, ಕ್ರೋಮಿನ ಕವಚದಲ್ಲಿ ಇಡೀ ಬೀದಿಯನ್ನು ಡೊಂಕಾಗಿ ಪ್ರತಿಬಿಂಬಿಸುವ, ಎರಡು ಕೊಳವೆಗಳಿಂದ ಕಾರ್ಮೋಡದಂತೆ ಗುಡುಗುವ ಕ್ರೂಸರ್ ಬೈಕೊಂದು ಬಂದು ನಿಂತಿತು.

ಅಂದಿನಿಂದ ಪ್ರತಿ ಬೆಳಗ್ಗೆ ವೀರನು ಸವೆದ ಹಲ್ಲುಜ್ಜುವ ಬ್ರಷ್ ಹಿಡಿದು ಆ ಲೋಹಗಜದ ಸಂದುಗೊಂದುಗಳನ್ನು, ರೋಗಿಯ ದವಡೆಹಲ್ಲು ಶುದ್ಧಮಾಡುವ ಶ್ರದ್ಧೆಯಿಂದಲೇ ತಿಕ್ಕುವನು. ಬಳಿಕ ಚರ್ಮದ ಅಂಗಿ ತೊಟ್ಟು, ದುರ್ಗದ ಬಿಸಿಲಿನಲ್ಲಿ ಬೆಂದು, ಸಮತಟ್ಟಾದ ರಸ್ತೆಯಲ್ಲಿ ಕ್ಲಿನಿಕ್ಕಿಗೆ ಹೋಗುವನು. ಸಂಜೆ ಅದೇ ಸಮತಟ್ಟಾದ ರಸ್ತೆಯಲ್ಲಿ ಬರುವನು. ಅವನ ದಿಗ್ವಿಜಯವೆಲ್ಲ ಇಷ್ಟೇ.

ಇಂಥವನಿಗೂ ಒಬ್ಬ ವೈರಿಯಿದ್ದನು. ಅವನು ಡಾಕ್ಟರ್ ಪ್ರಭುಲಿಂಗ. ವೀರನ ಸಹಪಾಠಿ, ಎದುರು ಕ್ಲಿನಿಕ್ಕಿನ ಒಡೆಯ, ಹಳೆಯ ಸ್ಕೂಟರೊಂದರ ಸಂತೃಪ್ತ ಸವಾರ. ದಂತವೈದ್ಯರ ಸಂಘದ ವಾರ್ಷಿಕ ಭೋಜನದಲ್ಲಿ, ಹೋಳಿಗೆ ಬಡಿಸುವ ಹೊತ್ತಿಗೆ, ಅವನು ತುಂಬಿದ ಪಂಕ್ತಿಯಲ್ಲಿ ಹೀಗೆಂದನು:

"ಅಲ್ಲ ಕಣಪ್ಪ ಮುರಿಗೆ, ಅದು ಕೆಳಗೆ ಬಿದ್ರೆ ಎತ್ತಾಕೆ ಜೆಸಿಬಿ ಕರೀಬೇಕು. ಈ ವಯಸ್ಸಲ್ಲಿ ನಿನಗ್ಯಾಕೆ ಬೇಕಿತ್ತು?"

ವೀರನ ಅಂತರಂಗವು ಆಗ ಗರ್ಜಿಸಿದ್ದು ಹೀಗೆ: "ಎಲವೋ ಸ್ಕೂಟರ್‌ವಾಹನ, ಬಾಲಹಿಡಿದೆಳೆದರೂ ಅಲುಗದ ಮತ್ತಗಜವನ್ನು ಮೊಣಕಾಲ ಸನ್ನೆಯಿಂದ ಕುಣಿಸಬಲ್ಲ ಈ ಭುಜದ್ವಯವನ್ನು ನೀನು ವೃದ್ಧಾಪ್ಯದ ಲೆಕ್ಕಕ್ಕೆ ಬರೆಯುವೆಯಾ? ದಿಕ್ಕುಗಳು ಕೇಳಲಿ, ದಿಕ್ಪಾಲಕರು ಸಾಕ್ಷಿಯಾಗಲಿ." ಬಾಯಿಂದ ಹೊರಬಿದ್ದದ್ದು ಇಷ್ಟು: "ನೋಡಪ್ಪ ಪ್ರಭು, ಆ ಗಾಡೀನ ಇನ್ನೊಬ್ಬರ ಕೈಲಿ ತಳ್ಳಿಸ್ಕೊಂಡ ದಿನ, ಕೀ ತಂದು ನಿನ್ನ ಟೇಬಲ್ ಮೇಲೆ ಇಟ್ಟು ಹೋಗ್ತೀನಿ. ನೀನೇ ಓಡಿಸ್ಕೊ."

"ಎಲ್ರೂ ಕೇಳಿಸ್ಕೊಂಡ್ರಲ್ಲ?" ಎಂದನು ಪ್ರಭುಲಿಂಗ. ಹನ್ನೊಂದು ಮಂದಿ ದಂತವೈದ್ಯರು ಬಾಯಿತುಂಬ ಹೋಳಿಗೆಯಿದ್ದುದರಿಂದ ತಲೆಯಾಡಿಸಿ ಸಾಕ್ಷಿಯಾದರು.

ವೀರನ ಧರ್ಮಪತ್ನಿ ಸರ್ವಮಂಗಳೆಯು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ, ಮಾತಿಗೆ ಮಾತು ಕೂಡಿಸದೆ ಕಳೆಯುವ ಸಾಧ್ವಿ. "ಒಂದ್ಸಾರಿ ಹಿಂದೆ ಕೂತು ನೋಡೆ" ಎಂದು ವೀರನು ಹನ್ನೊಂದು ತಿಂಗಳು ಬೇಡಿಕೊಂಡಿದ್ದನು. "ನಂಗೆ ನನ್ನ ಸ್ಕೂಟಿ ಸಾಕು" ಎಂಬುದು ಹನ್ನೊಂದು ತಿಂಗಳ ಉತ್ತರವಾಗಿತ್ತು. ಆದರೆ ಆ ಭಾನುವಾರ ಏನು ತೋಚಿತೋ, ಅವಳು ಬ್ರಷ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ಗಂಡನನ್ನು ಬಹಳ ಹೊತ್ತು ನೋಡಿ, "ನಡೀರಿ, ಬರ್ತೀನಿ. ತಿಂಡಿಗೆ ಹೊರಗೇ ಹೋಗಾಣ" ಎಂದಳು.

ವೀರನು ಬ್ರಷ್ ಬಿಸುಟು ಚರ್ಮದ ಅಂಗಿ ತೊಟ್ಟನು. ಅವನು ಅಂಗಿಯ ಜಿಪ್ಪನ್ನು ಗಂಟಲತನಕ ಎಳೆದುಕೊಂಡನು. ಅವಳು ಸೀರೆಯ ನೆರಿಗೆ ಹಿಡಿದು, ಕುರ್ಚಿಯಷ್ಟಗಲದ ಹಿಂಬದಿಯಾಸನವನ್ನು ಏರಿ, ಎರಡು ಬೆರಳಿನಿಂದ ಅವನ ಅಂಗಿಯನ್ನು ಹಿಡಿದಳು. ಮೊದಲ ಹಂಪು ಬಂದಾಗ ಎರಡು ಬೆರಳು ಒಂದು ಮುಷ್ಟಿಯಾಯಿತು. ಎರಡನೆಯ ಹಂಪಿಗೆ ಒಂದು ತೋಳಾಯಿತು. ಪುರವೀಥಿಯ ಜನ ತಿರುಗಿ ನೋಡಿದರು. ಇವಳು ಇನ್ನೊಂದು ಭಾನುವಾರವೂ ಹೀಗೇ ಬರುವಳೇ ಎಂಬ ಒಂದೇ ಚಿಂತೆ ವೀರನ ಎದೆಯಲ್ಲಿ ಎಂಜಿನ್ನಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಕೋಟೆಯ ಕಡೆಗೆ ಏರುವ ರಸ್ತೆಯ ಮಗ್ಗುಲಲ್ಲಿ ಮಂಜಣ್ಣನ ಹೋಟೆಲು. ಅದರ ಅಂಗಳವು ಜಲ್ಲಿ ಹರಡಿದ ಸಣ್ಣ ಇಳಿಜಾರು. ಇಳಿಜಾರಿನ ತುದಿಗೆ ಕಲ್ಲಿನ ಗೋಡೆ. ಅಲ್ಲಿ ನಿಂತಿದ್ದ ಬೈಕುಗಳೆಲ್ಲ ಗೋಡೆಗೆ ಬೆನ್ನುಮಾಡಿ, ರಸ್ತೆಗೆ ಮುಖಮಾಡಿ ನಿಂತಿದ್ದವು. ಓಡಿಹೋಗಲು ಸಿದ್ಧವಾಗಿ ನಿಲ್ಲುವುದು ಹೇಡಿಗಳ ಲಕ್ಷಣವೆಂದು ಭಾವಿಸಿದ ವೀರನು, ಬಿಟ್ಟ ಬಾಣದಂತೆ ನೇರವಾಗಿ ಇಳಿದು, ಮುಂದಿನ ಚಕ್ರವು ಗೋಡೆಯನ್ನು ಚುಂಬಿಸುವಂತೆ ನಿಲ್ಲಿಸಿ, ಕೈಗವಸು ಕಳಚುತ್ತ ಒಳನಡೆದನು.

ಖಾಲಿದೋಸೆಯ ಮೊದಲ ತುತ್ತು ಬಾಯಿಗಿಡುವಾಗ ಜ್ಞಾನೋದಯವಾಯಿತು. ಬೈಕಿಗೆ ಹಿಂದಕ್ಕೆ ಹೋಗುವ ಗೇರಿಲ್ಲ. ಮುಂದೆ ಗೋಡೆ. ಹಿಂದೆ ಏರು. ನಡುವೆ ಮುನ್ನೂರ ಹತ್ತು ಕಿಲೋ.

ಆ ತುತ್ತು ನುಂಗುವುದರೊಳಗೇ, ವಿಧಿಯೇ ಕಳಿಸಿದಂತೆ, ಡಾಕ್ಟರ್ ಪ್ರಭುಲಿಂಗನು ಬಂದು ಎದುರು ಕುರ್ಚಿಯಲ್ಲಿ ಕೂತನು.

"ಏನಮ್ಮ ಮಂಗಳ, ಚೆನ್ನಾಗಿದೀಯಾ?" ಎಂದು ವಿಚಾರಿಸಿ, ಕಿಟಕಿಯಾಚೆ ಕಣ್ಣು ಹಾಯಿಸಿದನು. ಹಾಯಿಸಿದ ಕಣ್ಣು ಅಲ್ಲೇ ನಿಂತಿತು. "ಏನಪ್ಪ ಮುರಿಗೆ, ಮೂತಿ ಗೋಡೆಗಿಟ್ಟು ನಿಲ್ಸಿದೀಯಲ್ಲ. ಹಿಂದಕ್ಕೆ ಹೆಂಗೆ ತೆಗೀತೀಯ?"

"ಹೆಂಗೆ ಅಂದ್ರೆ? ತೆಗೆಯೋದೇ."

"ಸರಿ ಬಿಡು. ನಂಗೇನೂ ಅರ್ಜೆಂಟಿಲ್ಲ" ಎಂದು ಪ್ರಭುಲಿಂಗನು ಕಾಲು ಚಾಚಿ, "ಓಬಣ್ಣ, ಒಂದು ಕಾಫಿ" ಎಂದನು.

ಹೀಗೆ ಮುತ್ತಿಗೆ ಆರಂಭವಾಯಿತು. ವೈರಿಯು ಹೋಗಲೆಂದು ವೀರನು ಕಾದನು. ವೀರನು ಏಳಲೆಂದು ವೈರಿಯು ಕಾದನು. ವೀರನು ಎರಡನೆಯ ಕಾಫಿ ತರಿಸಿದನು. ವೈರಿಯು ಎರಡನೆಯದನ್ನು ತರಿಸಿದನು. ವೀರನು ಉದ್ದಿನವಡೆಯನ್ನು ರಣಕ್ಕಿಳಿಸಿದನು. ವೈರಿಯು ಕೇಸರಿಬಾತಿನಿಂದ ಅದನ್ನು ತಡೆದನು. ನರೆತ ಮೀಸೆಯ ಸಪ್ಲೈಯರ್ ಓಬಣ್ಣನು ಎರಡು ಪಾಳೆಯಗಳಿಗೂ ಪಕ್ಷಪಾತವಿಲ್ಲದೆ ಸರಬರಾಜು ಮಾಡಿದನು. ಮೂರನೆಯ ಕಾಫಿ ಬಂತು, ನಾಲ್ಕನೆಯದೂ ಬಂತು. ಹಲ್ಲಿನ ವಿಷಯ, ಹವಾಮಾನದ ವಿಷಯ, ಸತ್ತುಹೋದ ಪ್ರೊಫೆಸರರ ವಿಷಯ ಎಲ್ಲವೂ ತೀರಿದವು.

"ಎಷ್ಟು ಕಾಫಿ ಕುಡೀತೀರಿ? ಆಮೇಲೆ ಹೊಟ್ಟೆ ಉರಿ ಅಂತೀರಿ" ಎಂದಳು ಸರ್ವಮಂಗಳೆ.

"ಇವತ್ತು ರಜಾ ಕಣೆ. ಆರಾಮಾಗಿ ಹೋಗಾಣ."

ಅವಳು ಗಂಡನನ್ನು ನೋಡಿದಳು, ಪ್ರಭುಲಿಂಗನನ್ನು ನೋಡಿದಳು, ಕಿಟಕಿಯಾಚೆ ನೋಡಿದಳು. ಲೆಕ್ಕ ಬಿಡಿಸಿದವಳಂತೆ ಒಮ್ಮೆ ತಲೆದೂಗಿದಳು.

ಐದನೆಯ ಕಾಫಿಯ ಹೊತ್ತಿಗೆ ಮುತ್ತಿಗೆಯನ್ನು ಮುರಿದವನು ಓಬಣ್ಣ. "ಡಾಕ್ಟ್ರೇ, ಭಾನ್ವಾರ, ಜನ ನಿಂತವ್ರೆ. ಟೇಬಲ್ ಬಿಟ್ಕೊಡ್ತೀರಾ?" ಎಂದು ಒದ್ದೆಬಟ್ಟೆಯನ್ನು ಮೇಜಿನ ಮೇಲೆ ಎಳೆದೇಬಿಟ್ಟನು. ಎರಡು ಸೇನೆಗಳೂ ಏಕಕಾಲಕ್ಕೆ ಬಯಲಿಗೆ ಬಂದವು.

ಪ್ರಭುಲಿಂಗನು ಜಗಲಿಯ ಕಂಬಕ್ಕೊರಗಿ ಕೈಕಟ್ಟಿ ನಿಂತನು. ಟೇಬಲ್ಲಿಗೆ ಕಾದಿದ್ದವರೆಲ್ಲ ಬೇರೆ ಕೆಲಸವಿಲ್ಲದೆ ಇತ್ತಲೇ ತಿರುಗಿದರು. ವೀರನು ಗಜವನ್ನೇರಿ, ಕೀ ತಿರುಗಿಸಿ, ನೆಲಕ್ಕೆ ಎರಡೂ ಪಾದಗಳನ್ನೂರಿದನು. "ಎಲೈ ಜಲ್ಲಿಯೇ, ಎಲೈ ಇಳಿಜಾರೇ, ಇದುವರೆಗೆ ನೀವು ಸಾಮಾನ್ಯ ಚಕ್ರಗಳನ್ನು ಕಂಡಿರಿ, ಇಂದು ಮುರಿಗೇಂದ್ರನ ಮೀನಖಂಡವನ್ನು ಕಾಣುವಿರಿ" ಎಂದು ಅವನ ಅಂತರಂಗವು ಮೊಳಗಿತು. ಅವನು ಹಿಂದಕ್ಕೆ ಒತ್ತಿದನು. ಜಲ್ಲಿಯು ಸರ್ರನೆ ಜಾರಿತು. ಪಾದಗಳು ಎರಡು ದಿಕ್ಕಿಗೆ ಹೋದವು. ಬೈಕು ಒಂದು ಅಂಗುಲವೂ ಅಲುಗಲಿಲ್ಲ.

ಜನರೊಳಗಿಂದ ಒಬ್ಬನು ಮುಂದೆ ಬಂದು, "ಒಂದು ಕೈ ಹಾಕ್ಲಾ ಸಾರ್?" ಎಂದನು.

"ಬ್ಯಾಡ, ಬ್ಯಾಡ. ಸುಮ್ನೆ ಬ್ಯಾಲೆನ್ಸ್ ನೋಡ್ತಿದೀನಿ" ಎಂದನು ವೀರನು.

ಅವನು ಕೆಳಗಿಳಿದನು. ಎಡಗಡೆ ನಿಂತು, ಹ್ಯಾಂಡಲ್ಲಿನ ಬುಡವನ್ನು ಒಂದು ಕೈಯಿಂದಲೂ ಸೀಟಿನಂಚನ್ನು ಇನ್ನೊಂದು ಕೈಯಿಂದಲೂ ಹಿಡಿದು, ಬುದ್ಧಿಹಲ್ಲು ಕೀಳುವಾಗಿನಂತೆ ಉಸಿರು ಬಿಗಿಹಿಡಿದು ಎಳೆದನು. ಮಂಡಿ ಕಟಕಟಿಸಿತು. ಕತ್ತಿನ ನರಗಳು ಉಬ್ಬಿದವು. ಚರ್ಮದ ಅಂಗಿಯೊಳಗೆ ಬೆವರು ಹೊಳೆಯಾಯಿತು. ಗೋಡೆಯ ಮೇಲೆ ಕೂತಿದ್ದ ಕಾಗೆಯೊಂದು ನೋಡಿ ನೋಡಿ ಬೇಸತ್ತು ಹಾರಿಹೋಯಿತು. ಬೈಕು ಭೂಮಿಗೆ ಬೇರುಬಿಟ್ಟಂತೆ ನಿಂತೇ ಇತ್ತು. ಕಾದಿದ್ದವರಿಗೆ ಒಂದೊಂದೇ ಟೇಬಲ್ ಸಿಕ್ಕಿತು. ಅವರು ಒಳಗೆ ಹೋದರು. ಉಳಿದವನು ಪ್ರಭುಲಿಂಗ. ಅವನಾದರೋ ಕೆಲಹೊತ್ತಿನಿಂದ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತೂಕ ಬದಲಿಸುತ್ತಿದ್ದನು. ಐದು ಕಾಫಿಗಳು ಒಳಗಿನಿಂದ ಅವನ ಮೇಲೆ ದಂಡೆತ್ತಿ ಬಂದಿದ್ದವು. "ಮುರಿಗೆ, ಒಂದ್ನಿಮಿಷ. ನಾ ಬರೋವರ್ಗೂ ಏನೂ ಮಾಡ್ಬೇಡ" ಎಂದು ಹೇಳಿ ಹೋಟೆಲಿನ ಹಿಂಭಾಗಕ್ಕೆ ಅವಸರವಾಗಿ ನಡೆದನು.

ಅಂಗಳದಲ್ಲಿ ಗಂಡಹೆಂಡಿರಿಬ್ಬರೇ ಉಳಿದರು. ವೀರನು ಬಗ್ಗಿ ಮಂಡಿ ಹಿಡಿದುಕೊಂಡನು. ಕ್ರೋಮಿನ ಕವಚದಲ್ಲಿ ಅವನ ಮುಖ ಡೊಂಕಾಗಿ, ಕೆಂಪಾಗಿ, ಸುಕ್ಕಾಗಿ ಕಂಡಿತು. ತಾತ ಎಂದು ಕರೆದ ಆ ರೋಗಿ ಸುಳ್ಳು ಹೇಳಿರಲಿಲ್ಲ ಎನಿಸಿತು. ಈ ಸಲ ಅವನ ಅಂತರಂಗವು ಏನನ್ನೂ ಗರ್ಜಿಸಲಿಲ್ಲ.

"ಮಂಗಳ, ನನ್ನ ಕೈಲಿ ಆಗಲ್ಲ ಕಣೆ" ಎಂದನು. "ಕೀ ಅವನಿಗೇ ಕೊಟ್ಟುಬಿಡ್ತೀನಿ. ನೀನು ಆಟೋದಲ್ಲಿ ಹೋಗು."

ಸರ್ವಮಂಗಳೆಯು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹ್ಯಾಂಡಲ್ಲಿನ ನಡುವೆ ಬೆಳಗುತ್ತಿದ್ದ ಗುಂಡನೆಯ ಮೀಟರಿನ ಮೇಲೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ರೀ, ಇಲ್ಲಿ ಒಂದು ಅಂತ ತೋರಿಸ್ತಿದೆಯಲ್ಲ, ಏನದು?"

"ಎಲ್ಲಿ?"

"ಇಲ್ಲಿ. ಒಂದು."

ವೀರನು ನೋಡಿದನು. ಬಹಳ ಹೊತ್ತು ನೋಡಿದನು. ಇಳಿಜಾರಿನಲ್ಲಿ ಗಾಡಿ ಉರುಳದಿರಲೆಂದು, ಪುಸ್ತಕದಲ್ಲಿ ಓದಿದ್ದ ಪ್ರಕಾರ, ಬಂದಿಳಿಯುವಾಗ ಅವನೇ ಅದನ್ನು ಒಂದನೇ ಗೇರಿನಲ್ಲಿ ಬಿಟ್ಟು ಹೋಗಿದ್ದನು. ಇಷ್ಟು ಹೊತ್ತೂ ಅವನು ಹೋರಾಡಿದ್ದು ಭೂಮಂಡಲದೊಡನಲ್ಲ, ಬೆರಳುದ್ದದ ಒಂದು ಹಲ್ಲಿನ ಚಕ್ರದೊಡನೆ. ಹಲ್ಲುಗಳ ವೈದ್ಯನನ್ನು ಹಲ್ಲುಗಳೇ ಕಚ್ಚಿ ಹಿಡಿದಿದ್ದವು.

ಅವನು ಗೇರು ತಪ್ಪಿಸಿದನು. ಮೀಟರಿನಲ್ಲಿ ನ್ಯೂಟ್ರಲ್ಲಿನ ಹಸಿರು ದೀಪ ಹೊತ್ತಿತು. ಅವನು ಹಿಂದಕ್ಕೆ ಎಳೆಯತೊಡಗಿದಾಗ, ಸರ್ವಮಂಗಳೆಯು ಗೋಡೆಯ ಸಂದಿಗೆ ಹೋಗಿ ಮುಂದಿನ ದೀಪದ ಮೇಲೆ ಎರಡೂ ಅಂಗೈ ಇಟ್ಟಳು.

"ಮುಟ್ಟಬೇಡ ಕಣೆ. ಇನ್ನೊಬ್ಬರ ಕೈಲಿ ತಳ್ಳಿಸ್ಕೊಳ್ಳಲ್ಲ ಅಂತ ಮಾತು ಕೊಟ್ಟಿದೀನಿ."

"ನಾನು ಯಾವಾಗ ಇನ್ನೊಬ್ಬಳಾದೆ? ಎಳೀರಿ ಸುಮ್ನೆ."

ಅರ್ಧಾಂಗಿಯ ಕೈ ಪತಿಯದೇ ಕೈಯೋ ಅಲ್ಲವೋ ಎಂಬ ಸೂಕ್ಷ್ಮವನ್ನು ಪಂಡಿತರು ಇತ್ಯರ್ಥಪಡಿಸಲಿ. ಲೋಹಗಜವು ಗೊಣಗದೆ, ಮನೆಗೆ ಹೊರಟ ಎಮ್ಮೆಯಂತೆ, ಆರಡಿ ಹಿಂದಕ್ಕೆ ಬಂದು ರಸ್ತೆಗೆ ಮುಖ ತಿರುಗಿಸಿತು. ಇಡೀ ಯುದ್ಧದಲ್ಲಿ ಗೆದ್ದ ನೆಲ ಅಷ್ಟೇ, ಆರಡಿ; ಹಿಡಿದ ಕಾಲ ಒಂದು ಗಂಟೆ ಐವತ್ತು ನಿಮಿಷ.

ಯಾರೂ ನೋಡಬಾರದೆಂದು ಇಷ್ಟು ಹೊತ್ತು ಕಾದಿದ್ದ ವೀರನು ಈಗ ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದನು. ಅಂಗಳ ಖಾಲಿಯಿತ್ತು. ಕೊನೆಗೆ ಪ್ರಭುಲಿಂಗನು ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, ರಸ್ತೆಗೆ ಮುಖಮಾಡಿ ಗುಡುಗುತ್ತಿದ್ದ ಬೈಕನ್ನು ಕಂಡು ನಿಂತುಬಿಟ್ಟನು.

"ತೆಗೆದ್ಯಾ? ಹೆಂಗೆ ತೆಗೆದೆ?"

ವೀರನು ಬಾಯ್ತೆರೆಯುವಷ್ಟರಲ್ಲೇ, ಸರ್ವಮಂಗಳೆಯು ಸೆರಗು ಬಿಡಿಸಿಕೊಂಡು ಹಿಂದಿನ ಆಸನವನ್ನು ಏರುತ್ತ, "ತೆಗೆಯೋದು ಹೆಂಗೆ ಅಂದ್ರೆ, ತೆಗೆಯೋದೇ ಅಣ್ಣ. ನೀವು ಅಲ್ಲೆಲ್ಲೋ ಹೋಗಿಬಿಟ್ರಿ" ಎಂದಳು.

"ನಾ ನೋಡಲಿಲ್ಲ" ಎಂದನು ಪ್ರಭುಲಿಂಗ, ನಿಜವಾದ ದುಃಖದಿಂದ.

ಹೋಟೆಲಿನಿಂದ ಮನೆಗೆ ಎರಡೂಕಾಲು ಕಿಲೋಮೀಟರು. ನಡೆದು ಬಂದಿದ್ದರೆ ಒಂದು ಗಂಟೆ ಮೊದಲೇ ಮನೆ ಸೇರಬಹುದಿತ್ತು. ದಾರಿಯುದ್ದಕ್ಕೂ ಅವಳ ತೋಳು ಹಂಪಿಲ್ಲದ ಕಡೆಯೂ ಅವನ ಸೊಂಟದ ಸುತ್ತ ಇತ್ತು. ಗೇಟಿನ ಮುಂದೆ ಇಳಿದು, ಕಾಲು ಜೋಮು ಹಿಡಿದಿದ್ದರಿಂದ ಕಂಬ ಹಿಡಿದು ನಿಂತು, ಅವಳು ಕೇಳಿದಳು:

"ಮುಂದಿನ ಭಾನ್ವಾರ ಎಲ್ಲಿಗೆ?"

ದಂತಪಂಕ್ತಿಪರಿಪಾಲಕನೂ ದವಡೆದುರ್ಗವಿದಾರಕನೂ ಆದ ಡಾಕ್ಟರ್ ಮುರಿಗೇಂದ್ರಪ್ಪನು ಹೆಲ್ಮೆಟ್ಟು ತೆಗೆದು, ಸ್ವಲ್ಪ ಯೋಚಿಸಿ ಹೇಳಿದನು:

"ಎಲ್ಲಾದ್ರೂ ಸಪಾಟಾದ ಜಾಗಕ್ಕೆ."